ಹದಿನೈದರೊಳಗಿನ ಬೀಡಿ: ವಂಶವಾಹಿಯ ಮೇಲೆ ಬೀಳುವ ಗುರುತು, ಮನೆ ಮತ್ತು ಊರು ಮಾಡಬೇಕಾದ ಕೆಲಸ

ಬ್ಯಾಡಗಿ ಸೀಮೆಯ ರೈತರು ಬೀಜಕ್ಕೆಂದು ಬಿಟ್ಟ ಮೆಣಸಿನ ಗಿಡವನ್ನು ಉಳಿದ ಗಿಡಗಳಿಗಿಂತ ಹೆಚ್ಚು ಜೋಪಾನ ಮಾಡುತ್ತಾರೆ. ಅದಕ್ಕೆ ರೋಗ ತಗುಲಿದರೆ ಈ ವರ್ಷದ ಕಾಯಿಯ ಜೊತೆಗೆ ಮುಂದಿನ ಹಂಗಾಮಿನ ಬೆಳೆಯೂ ಕೆಡಬಹುದು. ಹರೆಯಕ್ಕೆ ಕಾಲಿಡುತ್ತಿರುವ ಹುಡುಗನ ದೇಹವನ್ನೂ ಇದೇ ಎಚ್ಚರದಿಂದ ನೋಡಬೇಕು ಎಂದು ಈಚಿನ ಸಂಶೋಧನೆಗಳು ಹೇಳುತ್ತಿವೆ. ಕಾಂತೇಶನ ಗುಡಿಯಿಂದ ಹೆಸರಾದ ಕದರಮಂಡಲಗಿ ಇರಲಿ, ಬ್ಯಾಡಗಿ, ರಾಣೆಬೆನ್ನೂರು ತಾಲ್ಲೂಕುಗಳ ಬೇರೆ ಹಳ್ಳಿಗಳಿರಲಿ, ಎಲ್ಲೆಡೆ ಬೀಡಿಯ ವಿರುದ್ಧ ಹೇಳುವ ಮಾತು ಕ್ಯಾನ್ಸರಿನ ಹೆದರಿಕೆಗೆ ನಿಂತುಬಿಡುತ್ತದೆ. ಐವತ್ತರ ನಂತರ ಬರಬಹುದಾದ ಕಾಯಿಲೆಗೆ ಹದಿಮೂರರ ಹುಡುಗ ಹೆದರುವುದಿಲ್ಲ. ಆದರೆ ಹಾನಿ ಅಷ್ಟು ದೂರದಲ್ಲಿಲ್ಲ. ಸೇದಲು ಶುರು ಮಾಡಿದಾಗಲೇ ಅದು ಜೀವಕೋಶದ ಒಳಗೆ ದಾಖಲಾಗತೊಡಗುತ್ತದೆ. ಆದ್ದರಿಂದ ತಡೆಯುವ ಕೆಲಸವೂ ಚಟ ಹತ್ತುವ ಮೊದಲೇ, ಪ್ರಾಥಮಿಕ ಶಾಲೆಯಲ್ಲೇ ಶುರುವಾಗಬೇಕು.

ಹಂತ 1: ಹಾನಿ ಎರಡು ಬಗೆ ಎಂದು ತಿಳಿಯಿರಿ

ಮೊದಲನೆಯದು ಡಿಎನ್‌ಎಯ ಬರಹವೇ ತಪ್ಪಾಗುವುದು. ಹೊಗೆಯಲ್ಲಿರುವ ಬೆಂಜೊಪೈರಿನ್‌ನಂಥ ರಾಸಾಯನಿಕಗಳನ್ನು ಹೊರಹಾಕಲು ದೇಹ ಅವುಗಳ ರೂಪ ಬದಲಿಸುತ್ತದೆ. ಹಾಗೆ ಬದಲಾದ ರೂಪ ಡಿಎನ್‌ಎಗೆ ಅಂಟಿಕೊಳ್ಳುತ್ತದೆ, ಜೀವಕೋಶ ಇಬ್ಭಾಗವಾಗುವಾಗ ನಕಲು ತಪ್ಪುತ್ತದೆ. ದಿನಕ್ಕೊಂದು ಪ್ಯಾಕ್ ಸಿಗರೇಟನ್ನು ಒಂದು ವರ್ಷ ಸೇದಿದರೆ ಶ್ವಾಸಕೋಶದ ಪ್ರತಿ ಜೀವಕೋಶದಲ್ಲಿ ಸರಾಸರಿ 150, ಧ್ವನಿಪೆಟ್ಟಿಗೆಯ ಪ್ರತಿ ಜೀವಕೋಶದಲ್ಲಿ 97 ಇಂಥ ತಪ್ಪುಗಳು ಸೇರುತ್ತವೆ ಎಂದು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿತು. ಎರಡನೆಯ ಬಗೆಯಲ್ಲಿ ಬರಹ ಹಾಗೆಯೇ ಉಳಿಯುತ್ತದೆ. ಯಾವ ವಂಶವಾಹಿ ಎಷ್ಟು ಕೆಲಸ ಮಾಡಬೇಕು ಎಂದು ನಿಯಂತ್ರಿಸುವ ಮಿಥೈಲ್ ಎಂಬ ರಾಸಾಯನಿಕ ಗುರುತುಗಳು ಮಾತ್ರ ಹೆಚ್ಚುಕಡಿಮೆಯಾಗುತ್ತವೆ. ಇದಕ್ಕೆ ಎಪಿಜೆನೆಟಿಕ್ ಬದಲಾವಣೆ ಎನ್ನುತ್ತಾರೆ. ಅದೇ 2016ರಲ್ಲಿ ಸುಮಾರು 16,000 ಜನರ ರಕ್ತ ಪರೀಕ್ಷಿಸಿದ ಇನ್ನೊಂದು ಅಧ್ಯಯನದಲ್ಲಿ 7,000ಕ್ಕೂ ಹೆಚ್ಚು ವಂಶವಾಹಿಗಳಲ್ಲಿ ಧೂಮಪಾನದ ಇಂಥ ಗುರುತುಗಳು ಕಂಡವು. ಎಎಚ್‌ಆರ್‌ಆರ್ ಎಂಬ ವಂಶವಾಹಿಯ ಗುರುತು ಎಷ್ಟು ಸ್ಪಷ್ಟವೆಂದರೆ, ವ್ಯಕ್ತಿ ಬಾಯಿಬಿಟ್ಟು ಹೇಳದಿದ್ದರೂ ಅವನು ಸೇದುತ್ತಾನೆಯೇ ಎಂಬುದನ್ನು ಅದರಿಂದ ಬಹುಮಟ್ಟಿಗೆ ಗುರುತಿಸಬಹುದು.

ಹಂತ 2: ವಯಸ್ಸಿನ ಲೆಕ್ಕ ಹಾಕಿ

ಅದೇ ಹೊಗೆ ಬೇಗ ಶುರುವಾದರೆ ಹೆಚ್ಚು ಕೆಡಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ವೀಂಕೆ ಮತ್ತು ಸಂಗಡಿಗರು 1999ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಅಂಗಾಂಶ ಪರೀಕ್ಷಿಸಿದರು. ಸೇದುವುದನ್ನು ಬಿಟ್ಟವರಲ್ಲಿಯೂ, 15ರೊಳಗೆ ಶುರು ಮಾಡಿದ್ದವರ ಡಿಎನ್‌ಎಯಲ್ಲಿ ತಡವಾಗಿ ಶುರು ಮಾಡಿದವರಿಗಿಂತ ಹೆಚ್ಚು ಹಾನಿ ಉಳಿದಿತ್ತು. ಶ್ವಾಸಕೋಶ ಇನ್ನೂ ಬೆಳೆಯುತ್ತಿರುವ ವಯಸ್ಸು ಅದು. ಗಂಡುಮಕ್ಕಳಲ್ಲಿ ವೀರ್ಯಾಣು ತಯಾರಿಸುವ ಕೋಶಗಳು ಸಿದ್ಧವಾಗುವುದೂ ಆಗಲೇ. ಸೌತಾಂಪ್ಟನ್ ಮತ್ತು ಬರ್ಗೆನ್ ವಿಶ್ವವಿದ್ಯಾಲಯಗಳ ಸಂಶೋಧಕರು 7ರಿಂದ 50 ವರ್ಷದ 875 ಜನರನ್ನು ಪರೀಕ್ಷಿಸಿ 2023ರಲ್ಲಿ ಒಂದು ವರದಿ ಪ್ರಕಟಿಸಿದರು. ತಂದೆ 15 ತುಂಬುವ ಮೊದಲೇ ಸೇದಲು ಶುರು ಮಾಡಿದ್ದರೆ, ಮಕ್ಕಳ 14 ವಂಶವಾಹಿಗಳಿಗೆ ಸೇರಿದ 19 ಕಡೆ ಮಿಥೈಲ್ ಗುರುತು ಬೇರೆಯಾಗಿತ್ತು. ಅಸ್ತಮಾ, ಉಬ್ಬಸ, ಬೊಜ್ಜಿಗೆ ನಂಟಿರುವ ಗುರುತುಗಳೂ ಅದರಲ್ಲಿದ್ದವು. ಹೆಣ್ಣುಮಕ್ಕಳಿಗೆ ಅಪಾಯವಿಲ್ಲವೆಂದು ಇದರ ಅರ್ಥವಲ್ಲ: ಗರ್ಭಿಣಿ ಸೇದಿದರೆ ನವಜಾತ ಶಿಶುವಿನ ರಕ್ತದಲ್ಲೇ ಇಂಥ ಬದಲಾವಣೆ ಕಾಣುತ್ತದೆ.

ಹಂತ 3: ಆಕ್ಷೇಪಗಳಿಗೆ ಉತ್ತರ ಸಿದ್ಧವಿರಲಿ

‘ನಮ್ಮಜ್ಜ ಬೀಡಿ ಸೇದಿಯೂ ತೊಂಬತ್ತು ವರ್ಷ ಬದುಕಿದ’ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಬೇಗ ತೀರಿಕೊಂಡವರು ಹೀಗೆ ಕಟ್ಟೆಯ ಮಾತಿನಲ್ಲಿ ಬರುವುದಿಲ್ಲ. ಉಳಿದವರು ಮಾತ್ರ ಎಣಿಕೆಗೆ ಸಿಗುತ್ತಾರೆ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: 875 ಜನರ ಅಧ್ಯಯನದಿಂದ ತಂದೆಯ ಹೊಗೆಯೇ ಕಾರಣವೆಂದು ಹೇಗೆ ಹೇಳುವುದು? ಅದು ನಂಟನ್ನು ತೋರಿಸಿದೆ, ಕಾರಣವನ್ನು ಪೂರ್ತಿ ಸಾಬೀತು ಮಾಡಿಲ್ಲ ಎಂಬುದು ನಿಜ. ಆದರೆ ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ನಡೆದ ಬೇರೊಂದು ದೀರ್ಘ ಅಧ್ಯಯನದಲ್ಲೂ, 11 ತುಂಬುವ ಮೊದಲೇ ಸೇದಲು ಶುರು ಮಾಡಿದ್ದ ತಂದೆಯರ ಗಂಡುಮಕ್ಕಳಲ್ಲಿ ಹರೆಯದ ಹೊತ್ತಿಗೆ ಮೈಯ ಕೊಬ್ಬು ಹೆಚ್ಚಿತ್ತು. ಸೇದುವವನ ದೇಹಕ್ಕೇ ಆಗುವ ಹಾನಿಯ ಬಗ್ಗೆಯಂತೂ ಅನುಮಾನವಿಲ್ಲ. ಆದ್ದರಿಂದ ಪೂರ್ಣ ಸಾಕ್ಷ್ಯಕ್ಕೆ ಕಾಯುತ್ತ ಕೂರುವುದರಲ್ಲಿ ಮಗುವಿಗೆ ಯಾವ ಲಾಭವೂ ಇಲ್ಲ.

‘ನಮ್ಮಲ್ಲಿ ಈ ಸಮಸ್ಯೆ ಇಲ್ಲ’ ಎಂಬುದು ಮೂರನೆಯದು. 2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯ ಪ್ರಕಾರ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುವವರು ದೇಶದಲ್ಲಿ ಶೇ 8.5, ಕರ್ನಾಟಕದಲ್ಲಿ ಶೇ 1.2 ಮಾತ್ರ. ಇದು ಸಮಾಧಾನದ ಸಂಗತಿಯೇ. ಆದರೆ ಆ ಸಮೀಕ್ಷೆ ಎಣಿಸಿದ್ದು ಶಾಲೆಯಲ್ಲಿರುವವರನ್ನು. ಶಾಲೆ ಬಿಟ್ಟು ಹಮಾಲಿಗೋ ಗ್ಯಾರೇಜಿಗೋ ಹೋಗುವ ಹುಡುಗರು ಅದರಲ್ಲಿಲ್ಲ. ದೇಶದಲ್ಲಿ ಬೀಡಿ ಸೇದಿದ ವಿದ್ಯಾರ್ಥಿಗಳ ಪೈಕಿ ಶೇ 47 ಮಂದಿ ಹತ್ತು ತುಂಬುವ ಮೊದಲೇ ಶುರು ಮಾಡಿದ್ದರು ಎಂಬುದನ್ನೂ ಅದೇ ಸಮೀಕ್ಷೆ ಹೇಳಿದೆ. ಪ್ರೌಢಶಾಲೆಯಲ್ಲಿ ಬುದ್ಧಿ ಹೇಳಿದರಾಯಿತು ಎನ್ನುವವರು ಗಮನಿಸಬೇಕಾದ ಅಂಕಿ ಇದು.

ಹಂತ 4: ಮನೆಯಿಂದ ಶುರು ಮಾಡಿ

ಬೀಡಿ ಕಟ್ಟು, ಬೆಂಕಿಪೊಟ್ಟಣ ತರಲು ಮಕ್ಕಳನ್ನು ಅಂಗಡಿಗೆ ಕಳಿಸುವುದನ್ನು ಇಂದೇ ನಿಲ್ಲಿಸಿ. ಮಗುವಿಗೆ ತಂಬಾಕಿನ ಮೊದಲ ಪರಿಚಯ ಆಗುವುದು ಹೀಗೆಯೇ, ಅದೂ ಹಿರಿಯರ ಒಪ್ಪಿಗೆಯೊಂದಿಗೆ. ಮನೆಯೊಳಗೆ, ಪಡಸಾಲೆಯಲ್ಲಿ ಸೇದಬೇಡಿ. ಅಪ್ಪ ಸೇದುತ್ತಿದ್ದರೆ ಅದನ್ನು ಮುಚ್ಚಿಡದೆ, ಬಿಡಲು ತನಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಮಗನಿಗೆ ಹೇಳಲಿ. ಆ ಮಾತಿಗೆ ಉಪದೇಶಕ್ಕಿಲ್ಲದ ತೂಕವಿರುತ್ತದೆ. ನಾಲ್ಕನೆಯ, ಐದನೆಯ ತರಗತಿಯಲ್ಲೇ ಮಾತು ಆರಂಭವಾಗಲಿ. ಮಗ ಸೇದಿದ್ದು ಗೊತ್ತಾದರೆ ಹೊಡೆಯಬೇಡಿ: ಹೊಡೆದರೆ ಅವನು ಕದ್ದು ಸೇದುತ್ತಾನೆ, ನಿಮಗೆ ಹೇಳುವುದನ್ನು ಬಿಡುತ್ತಾನೆ. ಯಾವಾಗ, ಯಾರ ಜೊತೆ, ದಿನಕ್ಕೆಷ್ಟು ಎಂದು ಶಾಂತವಾಗಿ ಕೇಳಿ ತಿಳಿದುಕೊಳ್ಳಿ.

ಹಂತ 5: ಬಿಡಿಸುವ ದಿನ ಗೊತ್ತುಮಾಡಿ

ಒಂದೆರಡು ವಾರದೊಳಗಿನ ದಿನವೊಂದನ್ನು ಹುಡುಗನೇ ಆರಿಸಲಿ. ಬಿಟ್ಟ ಮೊದಲ ಮೂರು ದಿನ ಸಿಡುಕು, ತಲೆನೋವು, ನಿದ್ದೆಗೇಡು ಜೋರಾಗಿರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಅವು ಬಹುತೇಕ ಇಳಿಯುತ್ತವೆ. ಸೇದಬೇಕೆಂಬ ಹಂಬಲ ಒಮ್ಮೆಗೆ ಕೆಲವೇ ನಿಮಿಷ ಇರುತ್ತದೆ; ಆಗ ನೀರು ಕುಡಿಯುವುದು, ಆಟಕ್ಕೆ ಹೋಗುವುದು, ಸೇದುವ ಗುಂಪಿನಿಂದ ಎದ್ದು ಬರುವುದು ಉಪಯೋಗಕ್ಕೆ ಬರುತ್ತವೆ. ಬೀಡಿ ಬಿಟ್ಟು ಗುಟ್ಕಾ, ಹುಕ್ಕಾ, ಇ-ಸಿಗರೇಟ್ ಹಿಡಿದರೆ ಬಿಟ್ಟಂತಲ್ಲ. ಹದಿನೆಂಟರೊಳಗಿನವರಿಗೆ ನಿಕೋಟಿನ್ ಗಮ್ಮನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ರಲ್ಲಿ ಆಪ್ತಸಮಾಲೋಚನೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೂ ಮಾತಾಡಬಹುದು. ಮನಸ್ಸಿನ ಒತ್ತಡ ಹೆಚ್ಚಿದ್ದರೆ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಕದರಮಂಡಲಗಿಯವರು ಬ್ಯಾಡಗಿ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ವೈದ್ಯರನ್ನು ಕಾಣಬಹುದು.

ಹಂತ 6: ಊರೂ ಕೈಜೋಡಿಸಲಿ

ಮನೆಯಲ್ಲಿ ಕಟ್ಟಿದ್ದನ್ನು ಶಾಲೆಯೆದುರಿನ ಗೂಡಂಗಡಿ ಕೆಡವಬಾರದು. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕರ್ನಾಟಕದ ತಿದ್ದುಪಡಿ ಕಾಯ್ದೆಯಂತೆ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಶಾಲೆ–ಕಾಲೇಜುಗಳ 100 ಮೀಟರ್ ಒಳಗೆ ಮಾರುವಂತಿಲ್ಲ, ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವಂತಿಲ್ಲ. ಹುಡುಗರ ಜೇಬಿಗೆ ನಿಲುಕುವುದು ಒಂದೇ ಸಿಗರೇಟು. ಬಿಡಿ ಮಾರಾಟ ನಿಂತರೆ ಮೊದಲ ದಮ್ಮಿಗೇ ತಡೆ ಬೀಳುತ್ತದೆ. ಅಂಗಡಿಯವರ ಹೊಟ್ಟೆಪಾಡಿನ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಮಕ್ಕಳಿಗೆ ಮಾರದೆಯೂ ಅಂಗಡಿ ನಡೆಯುತ್ತದೆ. ಗ್ರಾಮ ಪಂಚಾಯಿತಿ ಮತ್ತು ಶಾಲಾ ಮೇಲುಸ್ತುವಾರಿ ಸಮಿತಿ ಜೊತೆಯಾಗಿ ಕೂತು, ದಂಡದ ಮಾತಿಗೆ ಮುನ್ನ ಅಂಗಡಿಯವರೊಂದಿಗೆ ಮಾತಾಡಲಿ.

ಈಗಾಗಲೇ ಸೇದಿದವನಿಗೆ ‘ನಿನ್ನ ಕಥೆ ಮುಗಿಯಿತು’ ಎಂದು ಹೇಳುವುದು ಕ್ರೌರ್ಯ, ಸುಳ್ಳು ಕೂಡ. ಬಿಟ್ಟವರಲ್ಲಿ ಹೆಚ್ಚಿನ ಮಿಥೈಲ್ ಗುರುತುಗಳು ಐದು ವರ್ಷದೊಳಗೆ ಸೇದದವರ ಮಟ್ಟಕ್ಕೆ ಮರಳುತ್ತವೆ. ಕೆಲವು ಮಾತ್ರ 30 ವರ್ಷವಾದರೂ ಉಳಿಯುತ್ತವೆ. ಬಿಟ್ಟವರ ಶ್ವಾಸಕೋಶದಲ್ಲಿ ಹಾನಿ ತಟ್ಟದ ಕೋಶಗಳು ಮತ್ತೆ ಹರಡಿಕೊಳ್ಳುತ್ತವೆ ಎಂದು 2020ರ ಅಧ್ಯಯನವೊಂದು ತೋರಿಸಿದೆ. ಅಳಿಯದ ಕೆಲವು ಗುರುತುಗಳಿರುವುದರಿಂದ ಶುರುವಾಗದಂತೆ ತಡೆಯಬೇಕು, ಬಹಳಷ್ಟು ಅಳಿಯುವುದರಿಂದ ಶುರು ಮಾಡಿದವನನ್ನು ಬಿಡಿಸಬೇಕು. ಎರಡಕ್ಕೂ ಮೊದಲ ಹೆಜ್ಜೆ ದೊಡ್ಡವರದೇ ಆಗಬೇಕು.