ಕವಿಗಳ ಬಾಳು, ಕವಿತೆಯ ಬೇರು

ನಂಜನಗೂಡನ್ನು ಬಳಸಿ ಹರಿಯುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಒಂದು ಕೊಡಗಿನ ಬೆಟ್ಟದಿಂದ ಇಳಿದು ಬಂದ ನೀರು. ಇನ್ನೊಂದು ವಯನಾಡಿನ ಕಾಡಿನಿಂದ ಹರಿದು ಬಂದ ನೀರು. ಕೂಡಲನ್ನು ದಾಟಿದ ಮೇಲೆ ಯಾವ ಹನಿ ಎಲ್ಲಿಂದ ಬಂದಿತೆಂದು ಹೇಳಲಾಗದು. ಕನ್ನಡ ಕಾವ್ಯವೂ ಹೀಗೆಯೇ ಹಲವು ನೆಲೆಗಳಿಂದ ಬಂದು ಕೂಡಿದ ಹೊಳೆ. ಆದರೆ ಹೊಳೆಯ ನೀರಿಗೂ ಕವಿತೆಗೂ ಒಂದು ಭೇದವುಂಟು. ಕವಿತೆಯನ್ನು ಚೆನ್ನಾಗಿ ಅರಿಯಬೇಕಾದರೆ ಅದು ಯಾವ ಬಾಳಿನಿಂದ ಹೊರಟಿತೆಂಬುದನ್ನೂ ತಿಳಿಯುವುದು ಒಳ್ಳೆಯದು.

ಕವಿಯೆಂದೊಡನೆ ವಿದ್ಯಾವಂತರ ಮನೆತನದಲ್ಲಿ ಹುಟ್ಟಿ, ಗ್ರಂಥಗಳ ನಡುವೆ ಬೆಳೆದು, ಬಿಡುವಾಗಿ ಕುಳಿತು ಬರೆಯುವವನ ಚಿತ್ರ ಹಲವರ ಕಣ್ಣಿಗೆ ಬರುತ್ತದೆ. ಈ ಸೀಮೆಯ ಅನುಭವವೇ ಈ ಭಾವನೆಯನ್ನು ಅಲ್ಲಗಳೆಯುತ್ತದೆ. ತಂಬೂರಿ, ಗಗ್ಗರ, ತಾಳಗಳೊಡನೆ ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರೂ ಕಂಸಾಳೆ ಹಿಡಿದು ಮಲೆಯ ಮಾದೇಶ್ವರನ ಮಹಿಮೆಯನ್ನು ಹಾಡುವ ದೇವರಗುಡ್ಡರೂ ಇಲ್ಲಿನ ಊರೂರುಗಳಲ್ಲಿ ರಾತ್ರಿಯೆಲ್ಲ ಕಾವ್ಯವನ್ನು ಕಟ್ಟಿ ಹಾಡಿದವರು. ಅವರಲ್ಲಿ ಅಕ್ಷರ ಬಲ್ಲವರು ವಿರಳ. ಆದರೂ ಸಾವಿರಾರು ಸಾಲುಗಳ ಕಾವ್ಯವು ತಲೆಮಾರಿನಿಂದ ತಲೆಮಾರಿಗೆ ಅವರ ನಾಲಗೆಯ ಮೇಲೆಯೇ ಉಳಿದುಬಂದಿತು. ಓದು ಬರಹ ಬಾರದವನೂ ಕವಿಯಾಗಬಲ್ಲನು. ಆದರೆ ಅಕ್ಷರವಿಲ್ಲದ ಕವಿಯ ಹೆಸರು ಉಳಿಯುವುದು ಕಷ್ಟ. ಆ ಕಾವ್ಯಗಳನ್ನು ಬೆಳೆಸಿದ ಎಷ್ಟೋ ಮಂದಿಯ ಹೆಸರು ಇಂದು ಯಾರಿಗೂ ತಿಳಿಯದು.

ಅಕ್ಷರದ ಬಾಗಿಲು ಎಲ್ಲರಿಗೂ ಏಕಕಾಲಕ್ಕೆ ತೆರೆಯಲಿಲ್ಲ. ನಂಜನಗೂಡು ತಿರುಮಲಾಂಬ (1887–1982) ಅವರಿಗೆ ಬಾಲ್ಯದಲ್ಲಿಯೇ ವಿವಾಹವಾಗಿ, ಹದಿಹರೆಯದಲ್ಲಿಯೇ ವೈಧವ್ಯ ಒದಗಿತು. ಅಂದಿನ ಸಮಾಜದಲ್ಲಿ ಅಂತಹ ಹೆಣ್ಣಿನ ಪಾಲಿಗೆ ಉಳಿಯುತ್ತಿದ್ದುದು ಮನೆಯ ಮೂಲೆ ಮಾತ್ರ. ತಂದೆಯ ಆಸರೆಯಲ್ಲಿ ಮನೆಯಲ್ಲಿಯೇ ಓದಿ ಬೆಳೆದ ಅವರು 'ಸತೀಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ತಾವೇ ಹೊರತಂದರು. 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೂ ನಡೆಸಿದರು. ಕನ್ನಡದಲ್ಲಿ ಹೆಣ್ಣುಮಕ್ಕಳು ಬರೆಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರು ಲೇಖಕಿಯೂ ಪ್ರಕಾಶಕಿಯೂ ಸಂಪಾದಕಿಯೂ ಆದರು. ಮುಂದೆ ಬಂದ ಕವಯಿತ್ರಿಯರಿಗೆ ಅವರು ತುಳಿದ ಹಾದಿ ದಾರಿಯಾಯಿತು.

ಹೊಟ್ಟೆಪಾಡಿನ ಉದ್ಯೋಗವೂ ಕವಿಗಳನ್ನು ಬಗೆಬಗೆಯ ಕಡೆಗೆ ಒಯ್ದಿತು. ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿ (1915–2003) ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕಡತಗಳ ನಡುವೆ ದಿನ ಕಳೆದ ಅವರ ಲೇಖನಿಯಿಂದ ಮೂಡಿದ 'ಮೈಸೂರ ಮಲ್ಲಿಗೆ'ಯು 1942ರಲ್ಲಿ ಹೊರಬಂದು ನಾಡಿನ ಮನೆಮನೆಯ ಮಾತಾಯಿತು. ದೇವನಹಳ್ಳಿಯ ಕೆ. ಎಸ್. ನಿಸಾರ್ ಅಹಮದ್ (1936–2020) ಅವರು ಭೂವಿಜ್ಞಾನದ ಅಧ್ಯಾಪಕರು. ಕಲ್ಲು ಖನಿಜಗಳನ್ನು ಕುರಿತು ಪಾಠ ಹೇಳಿದ ಅವರೇ 'ನಿತ್ಯೋತ್ಸವ'ವನ್ನು ಬರೆದರು. 1954ರಲ್ಲಿ ಚಾಮರಾಜನಗರದ ಮೂಡ್ನಾಕೂಡಿನಲ್ಲಿ ಹುಟ್ಟಿದ ಚಿನ್ನಸ್ವಾಮಿಯವರು ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯಲ್ಲಿ ಅಧಿಕಾರಿಯಾಗಿದ್ದರು. ಅವರು ಹುಟ್ಟಿದಾಗ ಆ ಊರು ಮೈಸೂರು ಜಿಲ್ಲೆಗೇ ಸೇರಿತ್ತು. 1997ರಲ್ಲಿ ಚಾಮರಾಜನಗರವು ಬೇರೆ ಜಿಲ್ಲೆಯಾಯಿತು. ಅಸ್ಪೃಶ್ಯತೆಯ ನೋವನ್ನು ಕುರಿತ ಅವರ ಕವಿತೆಗಳು ಸ್ಪ್ಯಾನಿಷ್ ಭಾಷೆಗೂ ಅನುವಾದಗೊಂಡಿವೆ. ಗಡಿಯಾಚೆಯ ಕಾಸರಗೋಡಿನಲ್ಲಿ ಕಯ್ಯಾರ ಕಿಞ್ಞಣ್ಣ ರೈ (1915–2015) ಅವರು ಶಾಲೆಯಲ್ಲಿ ಪಾಠ ಹೇಳುತ್ತ, ಹೊಲ ತೋಟಗಳಲ್ಲಿ ದುಡಿಯುತ್ತ, ತಮ್ಮ ನೆಲವು ಕನ್ನಡನಾಡನ್ನು ಸೇರಬೇಕೆಂದು ಹೋರಾಡುತ್ತ ಕವಿತೆ ಬರೆದರು.

ಕೆಲವರ ಪಾಲಿಗೆ ಕವಿತೆಯ ದಾರಿ ಇನ್ನೂ ಕಠಿನವಾಗಿತ್ತು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ದಲಿಂಗಯ್ಯ (1954–2021) ಅವರು ತಮ್ಮ ಬಾಲ್ಯದ ಒಂದು ನೋಟವನ್ನು 'ಊರು ಕೇರಿ' ಎಂಬ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಹೊಲವೊಂದರಲ್ಲಿ ಎತ್ತುಗಳ ಬದಲಿಗೆ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದರು. ಅವರಲ್ಲಿ ಒಬ್ಬರು ಅವರ ತಂದೆ. ಆ ಬಾಲಕ ಬೆಂಗಳೂರಿನ ವಿದ್ಯಾರ್ಥಿನಿಲಯದಲ್ಲಿದ್ದು ಓದಿದನು. ಮುಂದೆ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು. 1975ರಲ್ಲಿ ಪ್ರಕಟವಾದ 'ಹೊಲೆಮಾದಿಗರ ಹಾಡು' ಕನ್ನಡ ಕಾವ್ಯಕ್ಕೆ ಹೊಸ ದನಿಯನ್ನು ತಂದಿತು. ಕಡೂರು ತಾಲ್ಲೂಕಿನ ತಾಂಡಾವೊಂದರಲ್ಲಿ ಹುಟ್ಟಿದ ಬಿ. ಟಿ. ಲಲಿತಾ ನಾಯಕ್ ಅವರು ಲಂಬಾಣಿ ಸಮುದಾಯದಿಂದ ಬಂದು ಕವಯಿತ್ರಿಯೂ ಕಥೆಗಾರ್ತಿಯೂ ಆದರು. ರಾಜ್ಯದ ಸಚಿವೆಯಾಗಿಯೂ ಕೆಲಸ ಮಾಡಿದರು. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರು ಬರೆದುದು ಗದ್ಯವನ್ನು. ಆದರೂ 'ಕುಸುಮಬಾಲೆ'ಯಲ್ಲಿ ಈ ಸೀಮೆಯ ಆಡುಮಾತು ಹಾಡಿನಂತೆಯೇ ಹರಿಯುತ್ತದೆ. ನೀಲಗಾರರ ದನಿ ಅಚ್ಚಿನ ಪುಟಕ್ಕೆ ಬಂದ ಹಾಗೆ ಅದು ಕೇಳಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕವಿಯು ಕಷ್ಟಪಟ್ಟನೆಂಬ ಕಾರಣಕ್ಕೆ ಕವಿತೆ ಚೆನ್ನಾಗುವುದಿಲ್ಲ. ಸುಖದಲ್ಲಿ ಬೆಳೆದನೆಂಬ ಕಾರಣಕ್ಕೆ ಕೆಡುವುದೂ ಇಲ್ಲ. ಬಾಳಿಗೂ ಕವಿತೆಗೂ ಇರುವ ಸಂಬಂಧ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ನರಸಿಂಹಸ್ವಾಮಿಯವರ 'ಮಲ್ಲಿಗೆ'ಯಲ್ಲಿ ಕಚೇರಿಯ ಕಡತವಿಲ್ಲ. ಹೊಸದಾಗಿ ಕೂಡಿದ ಗಂಡಹೆಂಡಿರ ಒಲವಿದೆ. ಸಿದ್ದಲಿಂಗಯ್ಯನವರ ಹಾಡಿನಲ್ಲಾದರೋ ಕಂಡುಂಡ ಅವಮಾನವೇ ಮಾತಾಗಿದೆ. ಒಬ್ಬರು ದಿನದ ದುಡಿಮೆಯನ್ನು ಬದಿಗಿರಿಸಿ ಬರೆದರು. ಇನ್ನೊಬ್ಬರು ತಮ್ಮ ಜನರ ಪಾಡನ್ನೇ ಕೈಗೆತ್ತಿಕೊಂಡು ಬರೆದರು. ಅನುಭವವು ಎಲ್ಲರಿಗೂ ಉಂಟು. ಅದಕ್ಕೆ ತಕ್ಕ ಮಾತನ್ನು ಹುಡುಕಿ, ತಿದ್ದಿ ತೀಡಿ, ಬೇರೆಯವರ ಎದೆಗೆ ಮುಟ್ಟಿಸುವ ಶ್ರಮದಿಂದಲೇ ಕವಿತೆ ಹುಟ್ಟುತ್ತದೆ.

ಹಾಗಾದರೆ ಕವಿಗಳ ಹಿನ್ನೆಲೆಯನ್ನು ತಿಳಿಯುವುದರಿಂದ ಆಗುವ ಪ್ರಯೋಜನವೇನು? ಕಾವ್ಯದಲ್ಲಿ ಯಾರ ಬಾಳು ಸೇರಿದೆ, ಯಾರ ಬಾಳು ಇನ್ನೂ ಹೊರಗೆ ನಿಂತಿದೆ ಎಂಬುದು ಅದರಿಂದ ತಿಳಿಯುತ್ತದೆ. ಒಂದು ಶಾಲೆ, ಒಂದು ವಿದ್ಯಾರ್ಥಿನಿಲಯ, ಮಗಳ ಕೈಗೆ ಪುಸ್ತಕವಿತ್ತ ಒಬ್ಬ ತಂದೆ, ಇವುಗಳಿಂದ ಭಾಷೆಯ ಸಂಪತ್ತು ಬೆಳೆಯಿತು. ಇವು ಇಲ್ಲದೆ ಹೋಗಿದ್ದರೆ ತಿರುಮಲಾಂಬ ಅವರ ಲೇಖನಿಯೂ ಸಿದ್ದಲಿಂಗಯ್ಯನವರ ಹಾಡೂ, ಹೆಸರುಳಿಯದ ಹಾಡುಗಾರರಂತೆ, ಕಾಲದಲ್ಲಿ ಕರಗಿಹೋಗಬಹುದಾಗಿತ್ತು. ಒಬ್ಬ ಬಾಲಕನೋ ಬಾಲಕಿಯೋ ಓದನ್ನು ನಡುವಿನಲ್ಲಿಯೇ ಬಿಟ್ಟಾಗ ನಷ್ಟವಾಗುವುದು ಆ ಮನೆಗೆ ಮಾತ್ರವಲ್ಲ. ನಾಡು ಕೇಳಬೇಕಾಗಿದ್ದ ಒಂದು ದನಿಯೂ ಅಲ್ಲಿಗೆ ಅಡಗಿಹೋಗಬಹುದು.

ಕೇಂದ್ರ ಸಾಹಿತ್ಯ ಅಕಾಡೆಮಿಯು 2011ರಲ್ಲಿ ಯುವ ಪುರಸ್ಕಾರವನ್ನು ಆರಂಭಿಸಿದಾಗ ಕನ್ನಡದಲ್ಲಿ ಅದನ್ನು ಪಡೆದವರು 'ನೆಲದ ಕರುಣೆಯ ದನಿ' ಎಂಬ ಕವನಸಂಕಲನದ ವೀರಣ್ಣ ಮಡಿವಾಳರ. ಅವರು ಶಾಲಾ ಶಿಕ್ಷಕರು. ಮುಂದಿನ ಕವಿ ರೈತನ ಮಗಳಾಗಿರಬಹುದು, ನೇಕಾರನ ಮಗನಾಗಿರಬಹುದು, ಸಂತೆಯಲ್ಲಿ ತರಕಾರಿ ಮಾರುವ ತಾಯಿಯ ಕೂಸಾಗಿರಬಹುದು. ತನ್ನ ಮನೆಯ ಮಾತು ಕವಿತೆಗೆ ತಕ್ಕುದಲ್ಲವೆಂದು ಯಾವ ವಿದ್ಯಾರ್ಥಿಯೂ ಅಳುಕಬೇಕಾಗಿಲ್ಲ. ಆ ಮಾತನ್ನು ಗಮನವಿಟ್ಟು ಕೇಳುವುದು, ಹಿಂದಿನವರು ಬರೆದುದನ್ನು ಪ್ರೀತಿಯಿಂದ ಓದುವುದು, ಕಂಡುದನ್ನು ಸತ್ಯವಾಗಿ ಹೇಳಲು ಕಲಿಯುವುದು, ಇಷ್ಟು ಇದ್ದರೆ ಮೊದಲ ಹೆಜ್ಜೆಯನ್ನು ಇಟ್ಟಂತೆಯೇ ಸರಿ.