ಬ್ರೊಕೋಲಿಯ ಸತ್ತ್ವವೂ ಬೇಯಿಸುವ ಕ್ರಮವೂ

ಒಂದು ತರಕಾರಿಯ ಗುಣವನ್ನು ಅರಿಯಬೇಕಾದರೆ ಅದರಲ್ಲಿ ಏನೇನಿದೆಯೆಂದು ಕೇಳಿದರೆ ಸಾಲದು. ಅದು ಎಲೆಯ ಮೇಲೆ ಬೀಳುವ ಹೊತ್ತಿಗೆ ಏನೇನು ಉಳಿದಿರುವುದೆಂದೂ ಕೇಳಬೇಕು. ಬ್ರೊಕೋಲಿಯು ಈ ಮಾತಿಗೆ ಒಳ್ಳೆಯ ನಿದರ್ಶನ.

ಇಟಲಿಯಲ್ಲಿ ಬಹುಕಾಲದಿಂದ ಬೆಳೆದುಬಂದ ಈ ತರಕಾರಿಯು ನಮಗೆ ತೀರ ಅಪರಿಚಿತವೇನೂ ಅಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೋಲಿ, ಇವೆಲ್ಲವೂ 'ಬ್ರಾಸಿಕ ಒಲೆರೇಸಿಯ' ಎಂಬ ಒಂದೇ ಸಸ್ಯಜಾತಿಯ ರೂಪಭೇದಗಳು. ಕೃಷಿಕರು ಒಂದರಲ್ಲಿ ಎಲೆಯನ್ನೂ ಇನ್ನೊಂದರಲ್ಲಿ ಕಾಂಡವನ್ನೂ ಆರಿಸಿ ಬೆಳೆಸಿದರು. ಬ್ರೊಕೋಲಿಯಲ್ಲಿ ಅರಳದ ಹಸುರು ಮೊಗ್ಗುಗಳ ಗೊಂಚಲನ್ನು ಬೆಳೆಸಿದರು.

ನೂರು ಗ್ರಾಂ ಹಸಿ ಬ್ರೊಕೋಲಿಯಲ್ಲಿ ಸುಮಾರು 89 ಗ್ರಾಂ ನೀರು, 3 ಗ್ರಾಂನಷ್ಟು ಸಸಾರಜನಕ, 2.6 ಗ್ರಾಂ ನಾರು ಇರುತ್ತವೆ. ಅದರಿಂದ ದೊರೆಯುವ ಶಕ್ತಿಯು ಕೇವಲ 34 ಕಿಲೊಕ್ಯಾಲೊರಿ. ಆದರೆ 'ಸಿ' ಅನ್ನಾಂಗವು ಸುಮಾರು 89 ಮಿಲಿಗ್ರಾಂನಷ್ಟಿದ್ದು, ವಯಸ್ಕರ ಒಂದು ದಿನದ ಅಗತ್ಯಕ್ಕೆ ಸಾಕಾಗುತ್ತದೆ. ಧಾನ್ಯ ಮತ್ತು ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ಶರೀರವು ಹೀರಿಕೊಳ್ಳಲು ಈ ಅನ್ನಾಂಗವು ನೆರವಾಗುತ್ತದೆ.

ಬೇಯಿಸುವಾಗ ಆಗುವುದೇನು? 'ಸಿ' ಅನ್ನಾಂಗವು ನೀರಿನಲ್ಲಿ ಕರಗುವಂಥದು, ಉಷ್ಣದಿಂದಲೂ ನಾಶವಾಗುವಂಥದು. ತರಕಾರಿಯನ್ನು ಬಹಳ ನೀರಿನಲ್ಲಿ ಕುದಿಸಿದರೆ ಅನ್ನಾಂಗವು ನೀರಿಗೆ ಇಳಿಯುತ್ತದೆ. ನೀರನ್ನು ಚೆಲ್ಲಿದರೆ ಅದೂ ಚೆಲ್ಲಿಹೋಗುತ್ತದೆ. ಹಬೆಯಲ್ಲಿ ಬೇಯಿಸುವ ಕ್ರಮವು ಬೇರೆ. ಒಂದು ಗ್ರಾಂ ಹಬೆಯು ನೀರಾಗುವಾಗ ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಆದುದರಿಂದ ತರಕಾರಿಯು ಬೇಗನೆ ಬೇಯುವುದು. ಸತ್ತ್ವವನ್ನು ಕರಗಿಸಿಕೊಳ್ಳಲು ಮೇಲ್ಮೈಯಲ್ಲಿ ತೆಳುವಾದ ನೀರಿನ ಪೊರೆ ಮಾತ್ರ ಇರುವುದು. ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಗೃಹಿಣಿಯರ ಪದ್ಧತಿಯಲ್ಲಿಯೂ ಇದೇ ವಿವೇಕವಿದೆ.

ಇನ್ನೊಂದು ವಿಶೇಷವುಂಟು. ಬ್ರೊಕೋಲಿಯಲ್ಲಿ ಗ್ಲೂಕೊರಾಫನಿನ್ ಎಂಬ ಗಂಧಕಯುಕ್ತ ವಸ್ತುವೂ ಮೈರೋಸಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ನೆಲೆಗಳಲ್ಲಿರುತ್ತವೆ. ಹೆಚ್ಚಿದಾಗ ಅವು ಬೆರೆತು ಸಲ್ಫೊರಾಫೇನ್ ಹುಟ್ಟುತ್ತದೆ. ಹಾನಿಕರ ವಸ್ತುಗಳನ್ನು ನಿವಾರಿಸುವ ಶರೀರದ ಕಿಣ್ವಗಳನ್ನು ಇದು ಪ್ರಚೋದಿಸುವುದೆಂದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಪಾಲ್ ಟಲಾಲೆ ಮತ್ತು ಅವರ ಸಹೋದ್ಯೋಗಿಗಳು 1992ರಲ್ಲಿ ತೋರಿಸಿದರು. ಇದರಿಂದ ಬ್ರೊಕೋಲಿಯು ಅರ್ಬುದರೋಗಕ್ಕೆ ಔಷಧವೆಂದು ಸಾರುವುದು ಮಾತ್ರ ತಪ್ಪು. ಪ್ರಯೋಗಶಾಲೆಯ ಫಲವು ಚಿಕಿತ್ಸೆಯಲ್ಲ.

ಕುದಿಯುವ ನೀರಿನಲ್ಲಿ ಆ ಕಿಣ್ವವು ಬೇಗನೆ ನಿಷ್ಕ್ರಿಯವಾಗುತ್ತದೆ. ಆದುದರಿಂದ ಹೆಚ್ಚಿದ ಹೋಳುಗಳನ್ನು ಅರ್ಧ ಗಂಟೆ ಹಾಗೆಯೇ ಬಿಟ್ಟು, ಅನಂತರ ಮೂರು ನಾಲ್ಕು ನಿಮಿಷ ಹಬೆಯಲ್ಲಿಡುವುದು ಮೇಲು. ಸಾಸಿವೆಯಲ್ಲಿಯೂ ಇದೇ ಬಗೆಯ ಕಿಣ್ವವಿರುವುದರಿಂದ, ಬೆಂದ ಹೋಳಿಗೆ ಹಸಿ ಸಾಸಿವೆಯ ಪುಡಿ ಬೆರೆಸಿದರೂ ನಷ್ಟವು ಸ್ವಲ್ಪ ತುಂಬಿಬರುವುದು.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಮಾತ್ರ ವೈದ್ಯರನ್ನು ಕೇಳಿಯೇ ಇದರ ಪ್ರಮಾಣವನ್ನು ಬದಲಿಸಬೇಕು. ಇದರಲ್ಲಿ ಹೇರಳವಾಗಿರುವ 'ಕೆ' ಅನ್ನಾಂಗವು ಆ ಔಷಧಕ್ಕೆ ಪ್ರತಿಯಾಗಿ ವರ್ತಿಸುತ್ತದೆ. ಇನ್ನು, ಬ್ರೊಕೋಲಿಯ ಬೆಲೆ ಕೈಗೆಟುಕದವರು ಕೊರಗಬೇಕಾಗಿಲ್ಲ. ಹಿತ್ತಲಿನ ಸೀಬೆಹಣ್ಣಿನಲ್ಲಿ 'ಸಿ' ಅನ್ನಾಂಗವು ಇದಕ್ಕಿಂತ ಹೆಚ್ಚು; ಅದನ್ನು ಬೇಯಿಸುವ ಪ್ರಮೇಯವೂ ಇಲ್ಲ.