ನವಜಾತ ಶಿಶುವಿನ ಉಸಿರು ಮತ್ತು ರಕ್ತದ ಆಮ್ಲತೆ

ವಾಣಿಜ್ಯ ವಿಭಾಗದ ನನಗೆ 7.4 ಮತ್ತು 7.1ರ ನಡುವಿನ ಅಂತರ ಚಿಲ್ಲರೆಯಷ್ಟೇ. ಆದರೆ ರಕ್ತದ ಪಿಎಚ್ ಅಷ್ಟು ಇಳಿದರೆ ಆಮ್ಲತೆ ಇಮ್ಮಡಿಯಾಗುತ್ತದೆ!

ಹುಟ್ಟಿದ ಕೂಡಲೇ ಮಗುವಿನ ಶ್ವಾಸಕೋಶದ ರಕ್ತನಾಳಗಳು ಹಿಗ್ಗಬೇಕು. ಕೆಲವು ಶಿಶುಗಳಲ್ಲಿ ಅವು ಬಿಗಿದುಕೊಂಡೇ ಇರುತ್ತವೆ. ಆಮ್ಲಜನಕ ಸಾಲದೆ ರಕ್ತದ ಆಮ್ಲತೆ ಏರುತ್ತದೆ. ಆ ಆಮ್ಲತೆಯಿಂದ ನಾಳಗಳು ಇನ್ನಷ್ಟು ಬಿಗಿಯುತ್ತವೆ. ಚಕ್ರಬಡ್ಡಿಯಂತೆ ಅಪಾಯ ಬೆಳೆಯುತ್ತದೆ.

ಆಗ ವೈದ್ಯರು ವೆಂಟಿಲೇಟರ್ ಮೂಲಕ ನೈಟ್ರಿಕ್ ಆಕ್ಸೈಡ್ ಅನಿಲ ಕೊಡುತ್ತಾರೆ. ಸಾಮಾನ್ಯವಾಗಿ ಹತ್ತು ಲಕ್ಷ ಭಾಗಕ್ಕೆ 20 ಭಾಗದಿಂದ ಆರಂಭ. ಅದು ಶ್ವಾಸಕೋಶದ ನಾಳಗಳನ್ನು ಸಡಿಲಿಸುತ್ತದೆ. ರಕ್ತಕ್ಕೆ ಸೇರಿದೊಡನೆ ಹಿಮೋಗ್ಲೋಬಿನ್ ಅದನ್ನು ಹಿಡಿಯುವುದರಿಂದ ದೇಹದ ಉಳಿದ ನಾಳಗಳ ಮೇಲೆ ಪರಿಣಾಮ ಕಡಿಮೆ.

ಗಾಳಿ ತುಂಬದ ಶ್ವಾಸಕೋಶಕ್ಕೆ ಈ ಅನಿಲ ತಲುಪದು. ಹಾಗಾಗಿ ಉಸಿರಾಟವನ್ನು ಸರಿಪಡಿಸುತ್ತಲೇ ರಕ್ತಪರೀಕ್ಷೆಯಲ್ಲಿ ಪಿಎಚ್ ನೋಡುತ್ತಿರುತ್ತಾರೆ. ಆ ವರದಿಯಲ್ಲಿ ಬಿಂದುವಿನ ನಂತರದ ಅಂಕಿಯೇ ಮುಖ್ಯ.